‘ಚಿಕಿತ್ಸೆ ಫಲಕಾರಿಯಾಗದೆ’ ಎಂದು ಬರೆಯುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಅಪಘಾತದ ಸುದ್ದಿಗಳಲ್ಲಿ ಎರಡು ಸಾಲುಗಳು ತಪ್ಪದೆ ಇರುತ್ತವೆ. ‘ಗಾಯಾಳುವನ್ನು ಸಮೀಪದ ಆಸ್ಪತ್ರೆಗೆ ದಾಖಲಿಸಲಾಯಿತು’ ಎಂಬುದು ಒಂದು, ‘ಚಿಕಿತ್ಸೆ ಫಲಕಾರಿಯಾಗದೆ ಕೊನೆಯುಸಿರೆಳೆದರು’ ಎಂಬುದು ಇನ್ನೊಂದು. ಈ ಎರಡು ಸಾಲುಗಳ ನಡುವಿನ ಹೊತ್ತಿನಲ್ಲಿ ಏನು ನಡೆಯಿತು ಎಂಬುದನ್ನು ವರದಿಗಾರರು ಕೇಳುವುದಿಲ್ಲ, ಆಸ್ಪತ್ರೆಯವರು ತಾವಾಗಿ ಹೇಳುವುದೂ ಇಲ್ಲ. ಹೆದ್ದಾರಿಗೆ ಅಂಟಿಕೊಂಡ ಊರೊಂದರ ತಾಲ್ಲೂಕು ಆಸ್ಪತ್ರೆಯಲ್ಲಿ 29 ವರ್ಷ ದುಡಿದು, ಅದರಲ್ಲಿ ಹೆಚ್ಚಿನ ಕಾಲವನ್ನು ಕ್ಯಾಶುಯಲ್ಟಿಯಲ್ಲೇ ಕಳೆದು ನಿವೃತ್ತಳಾಗಿರುವ ನರ್ಸ್ ನಾನು. ಈಗ ನಮ್ಮನ್ನು ಶುಶ್ರೂಷಾಧಿಕಾರಿ ಎಂದು ಕರೆಯುತ್ತಾರೆ. ರೋಗಿಗಳಿಗೆ ಮಾತ್ರ ನಾವು ಮೊದಲಿನಂತೆಯೇ ಸಿಸ್ಟರ್. ಆ ನಡುವಿನ ಹೊತ್ತು ನನಗೆ ಚೆನ್ನಾಗಿ ಗೊತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ದ್ವಿಚಕ್ರ ವಾಹನದವರು. ಇಂಥ ಅಂಕಿಅಂಶ ಹೊರಬಿದ್ದಾಗಲೆಲ್ಲ ರಸ್ತೆಯ ಗುಂಡಿ, ಹೆಲ್ಮೆಟ್, ಆಂಬುಲೆನ್ಸ್, ವೈದ್ಯರ ಕೊರತೆ ಇವಿಷ್ಟರ ಸುತ್ತಲೇ ಚರ್ಚೆ ನಡೆಯುತ್ತದೆ. ಅವೆಲ್ಲ ನಿಜವಾದ ಸಮಸ್ಯೆಗಳೇ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಗಾಯಾಳುವನ್ನು ಮೊದಲು ಮುಟ್ಟುವವಳು ನರ್ಸ್, ಡ್ಯೂಟಿ ಡಾಕ್ಟರ್ ನೋಡಿ ಹೋದ ಮೇಲೆ ಪಕ್ಕದಲ್ಲಿ ಉಳಿಯುವವಳೂ ಅವಳೇ ಎಂಬುದು ಆ ಚರ್ಚೆಯಲ್ಲಿ ಎಲ್ಲಿಯೂ ಬರುವುದಿಲ್ಲ. ಗಾಯಾಳುವನ್ನು ಒಮ್ಮೆ ನೋಡಿದರೆ ಸಾಲದು. ಹದಿನೈದು ನಿಮಿಷಕ್ಕೊಮ್ಮೆ, ಅರ್ಧ ಗಂಟೆಗೊಮ್ಮೆ ಮತ್ತೆ ಮತ್ತೆ ನೋಡಿ, ನೋಡಿದ್ದನ್ನು ಬರೆದಿಟ್ಟು, ಹಿಂದಿನದಕ್ಕೆ ಹೋಲಿಸಬೇಕು. ಈ ಕೆಲಸಕ್ಕೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ಕೈಗಳನ್ನೇ ಒದಗಿಸಿಲ್ಲ ಎಂಬುದು ನನ್ನ ದೂರು.

ನೋಡುವುದಕ್ಕೂ ಒಂದು ಕ್ರಮವಿದೆ. 1976ರಲ್ಲಿ ಅಮೆರಿಕದ ನೆಬ್ರಾಸ್ಕದಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆ ಶಸ್ತ್ರವೈದ್ಯ ತಾನೇ ನಡೆಸುತ್ತಿದ್ದ ಸಣ್ಣ ವಿಮಾನ ಹೊಲವೊಂದರಲ್ಲಿ ಬಿದ್ದು ಹೆಂಡತಿಯನ್ನು ಕಳೆದುಕೊಂಡ. ಗಾಯಗೊಂಡ ಮಕ್ಕಳನ್ನು ಹತ್ತಿರದ ಸಣ್ಣ ಊರಿನ ಆಸ್ಪತ್ರೆಗೆ ಕರೆದೊಯ್ದಾಗ ಅಲ್ಲಿ ಯಾರಿಗೂ ಏನು ಮೊದಲು, ಏನು ಆಮೇಲೆ ಎಂಬುದು ತಿಳಿದಿರಲಿಲ್ಲ. ಆ ನೋವಿನಿಂದ ಹುಟ್ಟಿದ ಕ್ರಮವೇ ಇಂದು ಜಗತ್ತಿನೆಲ್ಲೆಡೆ ಕಲಿಸುವ ಎಬಿಸಿಡಿಇ (ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳು): ಮೊದಲು ಕತ್ತನ್ನು ಅಲುಗಿಸದಂತೆ ಹಿಡಿದು ಉಸಿರಿನ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತಸಂಚಾರ, ಆಮೇಲೆ ಪ್ರಜ್ಞೆ, ಕೊನೆಗೆ ಬಟ್ಟೆ ಕತ್ತರಿಸಿ ಮೈಯೆಲ್ಲ ನೋಡುವುದು. ದೊಡ್ಡ ನಗರದ ಟ್ರಾಮಾ ಸೆಂಟರಿನಲ್ಲಿ ಈ ಐದೂ ಕೆಲಸಗಳನ್ನು ಐದು ಜನ ಒಟ್ಟಿಗೇ ಮಾಡುತ್ತಾರೆ. ನಮ್ಮಂಥ ಕಡೆ ರಾತ್ರಿ ಒಬ್ಬ ನರ್ಸ್, ಒಬ್ಬ ಗ್ರೂಪ್ ಡಿ ನೌಕರ ಇದ್ದರೆ ಪುಣ್ಯ. ಒಬ್ಬಳೇ ಇದ್ದಾಗಲಂತೂ ಕ್ರಮ ಇನ್ನೂ ಮುಖ್ಯವಾಗುತ್ತದೆ, ಏಕೆಂದರೆ ಕಣ್ಣು ತಾನಾಗಿ ಹೋಗುವುದು ರಕ್ತ ಕಾಣುವ ಕಡೆಗೆ, ಕಿವಿ ಹೋಗುವುದು ಕೂಗುವವನ ಕಡೆಗೆ.

ಕೂಗುವವನ ಉಸಿರಿನ ದಾರಿ ಸರಿಯಾಗಿಯೇ ಇರುತ್ತದೆ; ನಾವು ಹೆದರಬೇಕಾದದ್ದು ಸುಮ್ಮನೆ ಕುಳಿತವನ ಬಗ್ಗೆ. ಸುಗ್ಗಿಯ ದಿನಗಳಲ್ಲಿ ರೈತರು ರಸ್ತೆಯ ಮೇಲೆ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಅದರ ಮೇಲೆ ಬೈಕ್ ಜಾರಿ ಬಿದ್ದ ಇಬ್ಬರನ್ನು ಒಂದು ಸಂಜೆ ಆಟೊದಲ್ಲಿ ಕರೆತಂದರು. ಹಿಂದೆ ಕೂತಿದ್ದವನ ನೆತ್ತಿ ಸೀಳಿ ಮುಖವೆಲ್ಲ ರಕ್ತವಾಗಿತ್ತು. ಬಂದವರೆಲ್ಲ ಅವನನ್ನೇ ಸುತ್ತುವರಿದಿದ್ದರು. ಓಡಿಸುತ್ತಿದ್ದ ಹುಡುಗ ತಾನೇ ನಡೆದು ಬಂದು ಬೆಂಚಿನ ಮೇಲೆ ಕುಳಿತು, ‘ನನಗೇನೂ ಆಗಿಲ್ಲ ಸಿಸ್ಟರ್, ಅವನನ್ನ ನೋಡಿ’ ಎಂದ. ಬಿಪಿ 110/70. ಅದನ್ನಷ್ಟೇ ನೋಡಿದ್ದರೆ ನಾನೂ ಅವನ ಮಾತನ್ನೇ ನಂಬುತ್ತಿದ್ದೆ. ಆದರೆ ನಾಡಿ 124, ನಿಮಿಷಕ್ಕೆ 28 ಉಸಿರು, ಬೆರಳುಗಳು ತಣ್ಣಗೆ. ಎಡಗಡೆಯ ಕೆಳಪಕ್ಕೆಯ ಮೇಲೆ ಹ್ಯಾಂಡಲ್ ಒತ್ತಿದ ಗುರುತು. ಹದಿನೈದು ನಿಮಿಷ ಕಳೆದು ನೋಡಿದರೆ ನಾಡಿ 136. ಎಡಪಕ್ಕೆಯ ಒಳಗಿರುವ, ರಕ್ತ ತುಂಬಿದ ಅಂಗವಾದ ಗುಲ್ಮ ಒಡೆದಿರಬಹುದು ಎಂದು ವೈದ್ಯರು ಶಂಕಿಸಿ, ದಪ್ಪ ಸೂಜಿಯ ಎರಡು ಡ್ರಿಪ್ ಹಾಕಿಸಿ ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದರು. ಅದೇ ರಾತ್ರಿ ಶಸ್ತ್ರಚಿಕಿತ್ಸೆ ಆಗಿ ಹುಡುಗ ಉಳಿದ.

ಬಿಪಿ ಸರಿ ಇದೆ ಎಂದರೆ ಎಲ್ಲವೂ ಸರಿ ಎಂಬ ನಂಬಿಕೆ ರೋಗಿಯ ಕಡೆಯವರಲ್ಲಷ್ಟೇ ಅಲ್ಲ, ನಮ್ಮ ಸಿಬ್ಬಂದಿಯಲ್ಲೂ ಇದೆ. ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಗಟ್ಟಿಮುಟ್ಟಾದ ಹರೆಯದವರಲ್ಲಿ ಅದರ ಶೇ 30ರಷ್ಟು, ಎಂದರೆ ಒಂದೂವರೆ ಲೀಟರ್ ಸೋರಿಹೋಗುವವರೆಗೂ ಬಿಪಿ ಹೆಚ್ಚೇನೂ ಇಳಿಯದೆ ಇರಬಹುದು. ನಾಡಿ ಮತ್ತು ಉಸಿರು ಅದಕ್ಕಿಂತ ಬಹಳ ಮೊದಲೇ ಏರಿರುತ್ತವೆ. ತೊಡೆಯ ಮೂಳೆಯೊಂದು ಮುರಿದರೆ ಚರ್ಮ ಹರಿಯದೆಯೂ ಒಂದು ಲೀಟರಿಗೂ ಮಿಗಿಲಾಗಿ ರಕ್ತ ಒಳಗೇ ಸೇರಿಕೊಳ್ಳಬಲ್ಲದು, ಸೊಂಟದ ಮೂಳೆ ಮುರಿದರೆ ಇನ್ನೂ ಹೆಚ್ಚು. ವಯಸ್ಸಾದವರ ವಿಷಯದಲ್ಲಿ ಮತ್ತೊಂದು ತೊಡಕಿದೆ: ಬಿಪಿಗೆ ಎಂದು ನುಂಗುವ ಕೆಲವು ಮಾತ್ರೆಗಳು ನಾಡಿಯನ್ನು ಏರಗೊಡುವುದಿಲ್ಲವಾದ್ದರಿಂದ, ಅಜ್ಜನ ನಾಡಿ 80 ಇದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಜೇಬಿನಲ್ಲೋ ಸೆರಗಿನ ಗಂಟಿನಲ್ಲೋ ಇರುವ ಮಾತ್ರೆಯ ಚೀಟಿಯನ್ನು ತೆಗೆಸಿ ನೋಡುವುದೂ ಗಾಯಾಳುವಿನ ಪರೀಕ್ಷೆಯೇ. ಇನ್ನು ಉಸಿರಾಟದ ಎಣಿಕೆ. ಕೇಸ್ ಶೀಟುಗಳನ್ನು ತಿರುವಿ ನೋಡಿ, ಎಲ್ಲರದ್ದೂ ನಿಮಿಷಕ್ಕೆ 20 ಎಂದೇ ಇರುತ್ತದೆ. ಒಂದು ನಿಮಿಷ ನಿಂತು ಎದೆಯ ಏರಿಳಿತ ಎಣಿಸುವ ವ್ಯವಧಾನ ಇಲ್ಲದವರು ಬರೆದ ಅಂಕಿ ಅದು, ನಾನೂ ಬರೆದಿದ್ದೇನೆ.

ಹೊತ್ತಿನ ಲೆಕ್ಕವೂ ಅಷ್ಟೇ ಮುಖ್ಯ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಎಂಬ ಇಂಜೆಕ್ಷನ್ ನಮ್ಮ ಆಸ್ಪತ್ರೆಗಳಿಗೆ ಹೊಸದಲ್ಲ, ಹೆಚ್ಚು ಬೆಲೆಯದೂ ಅಲ್ಲ. ಭಾರತವೂ ಸೇರಿ 40 ದೇಶಗಳ 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನ ಇದರಿಂದ ಸಾವು ಕಡಿಮೆಯಾಗುತ್ತದೆ ಎಂದು ತೋರಿಸಿತು. ಆದರೆ ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ರಕ್ತಸ್ರಾವದವರಿಗೆ ಕೇಡೇ ಆಗಬಹುದು. ಹಾಗಾದರೆ ಪೆಟ್ಟು ಬಿದ್ದದ್ದು ಎಷ್ಟು ಹೊತ್ತಿಗೆ? ಕರೆತಂದವರನ್ನು ಕೇಳಿದರೆ ‘ಡೇರಿಗೆ ಹಾಲು ಹಾಕಿ ಬರುವಾಗ’ ಎನ್ನುತ್ತಾರೆ, ಇಲ್ಲವೇ ‘ಕೊನೆ ಬಸ್ಸು ಹೋದ ಮೇಲೆ’ ಎನ್ನುತ್ತಾರೆ. ಆ ಊರಿನ ಡೇರಿ ಎಷ್ಟು ಗಂಟೆಗೆ, ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿ ಸಮಯ ಬರೆದುಕೊಳ್ಳುವವಳು ನರ್ಸ್. ‘ಆಸ್ಪತ್ರೆಗೆ ಬಂದ ಸಮಯ’ ಎಂಬ ಕಲಂ ನಮ್ಮ ನೋಂದಣಿ ಪುಸ್ತಕದಲ್ಲಿತ್ತು, ‘ಗಾಯವಾದ ಸಮಯ’ ಎಂಬ ಕಲಂ ಇರಲೇ ಇಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆವು.

ಇನ್ನು ನನ್ನದೇ ತಪ್ಪಿನ ಮಾತು. ವರ್ಷಗಳ ಹಿಂದೆ ಒಂದು ರಾತ್ರಿ, ಸುಮಾರು ಐವತ್ತೈದರ ಕೂಲಿಕಾರರೊಬ್ಬರನ್ನು ಇಬ್ಬರು ಹೆಗಲು ಕೊಟ್ಟು ಕರೆತಂದರು. ಸೈಕಲ್ಲಿನಿಂದ ಬಿದ್ದಿದ್ದರು, ಕಿವಿಯ ಮೇಲ್ಗಡೆ ಬೋರೆ ಎದ್ದಿತ್ತು, ಬಾಯಿಂದ ಸಾರಾಯಿಯ ವಾಸನೆ ಬರುತ್ತಿತ್ತು. ಹೆಸರು, ಊರು ಸರಿಯಾಗಿ ಹೇಳಿದರು, ಇವತ್ತು ಯಾವ ವಾರ ಎಂದರೆ ತಡವರಿಸಿದರು. ವೈದ್ಯರು ನೋಡಿ, ಹೊಲಿಗೆ ಬೇಕಿಲ್ಲ, ಬೆಳಿಗ್ಗೆವರೆಗೆ ಇಟ್ಟುಕೊಂಡು ಗಮನಿಸಿ ಎಂದು ಬರೆದರು. ರಾತ್ರಿ 11 ಗಂಟೆಗೆ ‘ಜಿಸಿಎಸ್ 14’ ಎಂದು ನನ್ನ ಕೈಯಾರೆ ಬರೆದೆ. ಗ್ಲಾಸ್ಗೊ ನಗರದ ಟೀಸ್‌ಡೇಲ್ ಮತ್ತು ಜೆನೆಟ್ 1974ರಲ್ಲಿ ರೂಪಿಸಿದ, ಪ್ರಜ್ಞೆಯ ಮಟ್ಟವನ್ನು ಅಳೆಯುವ ಈ ಅಳತೆಗೋಲು ಸರಳವಾದದ್ದು: ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15, 8ಕ್ಕೆ ಇಳಿದರೆ ಉಸಿರಿನ ದಾರಿಯನ್ನು ನಾವು ಕಾಯಬೇಕು. ಒಂದು ಸಲದ ಅಂಕಿಯಿಂದ ಹೆಚ್ಚೇನೂ ತಿಳಿಯುವುದಿಲ್ಲ, ಅದು 14ರಿಂದ 12ಕ್ಕೆ ಇಳಿಯಿತೇ ಎಂಬುದರಿಂದ ತಿಳಿಯುತ್ತದೆ. ಬ್ರಿಟನ್ನಿನ ಮಾರ್ಗಸೂಚಿಯ ಪ್ರಕಾರ ಅಂಕ 15 ಆಗುವವರೆಗೆ ಅರ್ಧ ಗಂಟೆಗೊಮ್ಮೆ ನೋಡಬೇಕು.

ಆ ರಾತ್ರಿ ಕ್ಯಾಶುಯಲ್ಟಿ ಮತ್ತು 30 ಹಾಸಿಗೆಯ ಗಂಡಸರ ವಾರ್ಡ್ ಎರಡಕ್ಕೂ ನಾನೊಬ್ಬಳೇ. ಒಂದು ಗಂಟೆಗೆ ಹಾವು ಕಚ್ಚಿದ ಮಗುವೊಂದು ಬಂತು. ವಿಷಹಾರಿ ಔಷಧದ ಡ್ರಿಪ್ ಏರಿಸಿದ ಮೇಲೆ ಆ ಮಗುವಿನ ಪಕ್ಕದಿಂದ ಏಳುವಂತಿರಲಿಲ್ಲ. ಐದು ಗಂಟೆಗೆ ಗೊರಕೆಯ ಸದ್ದು ಬೇರೆಯಾದಂತೆನಿಸಿ ಹೋಗಿ ಟಾರ್ಚ್ ಹಾಕಿದರೆ, ಒಂದು ಕಣ್ಣಿನ ಪಾಪೆ ಹಿಗ್ಗಿ ನಿಂತಿತ್ತು, ಬೆಳಕಿಗೆ ಕುಗ್ಗಲಿಲ್ಲ. ತಲೆಯೊಳಗೆ ರಕ್ತ ಕಟ್ಟಿ ಮೆದುಳನ್ನು ಒತ್ತುತ್ತಿತ್ತು; ಕುಡಿದವರ ನಿದ್ದೆ ಎಂದು ನಾವು ಬಿಟ್ಟದ್ದು ನಿದ್ದೆಯಾಗಿರಲಿಲ್ಲ. ಬೆಂಗಳೂರಿಗೆ ಕಳುಹಿಸಿದೆವು, ದಾರಿಯಲ್ಲೇ ತೀರಿಕೊಂಡರು. ಮರುದಿನದ ಪತ್ರಿಕೆಯಲ್ಲಿ ಎರಡು ಸಾಲಿನ ಸುದ್ದಿ ಬಂತು. ಕೇಸ್ ಶೀಟಿನಲ್ಲಿ ಹನ್ನೊಂದರ ಸಾಲಿನ ಕೆಳಗೆ ಐದು ಗಂಟೆಯ ಸಾಲು. ನಡುವೆ ಹನ್ನೊಂದು ಸಲ ನೋಡಿ ಬರೆಯಬೇಕಿದ್ದ ಜಾಗ ಖಾಲಿ. ವಿಚಾರಣೆ ನಡೆಯಿತು, ನನ್ನಿಂದ ಲಿಖಿತ ಸಮಜಾಯಿಷಿ ಪಡೆದರು. ಒಬ್ಬಳೇ ಇದ್ದೆ ಎಂದು ಬರೆದದ್ದಕ್ಕೆ, ‘ಇದು ಕಾರಣವಾಗಲಾರದು’ ಎಂಬ ಷರಾ ಬಂತು. ಮುಂದಿನ ತಿಂಗಳ ಡ್ಯೂಟಿ ಪಟ್ಟಿಯಲ್ಲೂ ರಾತ್ರಿ ಪಾಳಿಗೆ ಎರಡೂ ಕಡೆಗೆ ಒಬ್ಬರದೇ ಹೆಸರಿತ್ತು.

ವಾರ್ಡಿನಲ್ಲಿ ಮಾನಿಟರ್ ಇದ್ದರೆ ಇದು ಆಗುತ್ತಿರಲಿಲ್ಲ ಎಂದು ಕೆಲವರು ಹೇಳುತ್ತಾರೆ. ಈಚಿನ ವರ್ಷಗಳಲ್ಲಿ ಮಾನಿಟರುಗಳು ಬಂದಿವೆ, ಸಂತೋಷ. ಅವು ನಾಡಿ, ಆಮ್ಲಜನಕದ ಅಂಕಿ ತೋರಿಸುತ್ತವೆ. ನಿಮ್ಮೂರು ಯಾವುದು ಎಂದು ಅವು ಕೇಳುವುದಿಲ್ಲ, ಬೆನ್ನು ತಿರುಗಿಸಿ ನೋಡುವುದೂ ಇಲ್ಲ. ಬೆನ್ನು ನೋಡಲು ನಾಲ್ಕು ಜನ ಬೇಕು. ಒಬ್ಬರು ತಲೆ ಮತ್ತು ಕತ್ತನ್ನು ನೇರವಾಗಿ ಹಿಡಿದು, ಉಳಿದ ಮೂವರು ಹೆಗಲು, ಸೊಂಟ, ಕಾಲುಗಳನ್ನು ಹಿಡಿದು, ತಲೆಯ ಬಳಿ ಇರುವವರು ಎಣಿಸಿದಂತೆ ಮರದ ದಿಮ್ಮಿಯ ಹಾಗೆ ಒಟ್ಟಿಗೇ ಮಗ್ಗುಲಾಗಿಸಬೇಕು. ನಾಲ್ವರು ಸೇರದ ರಾತ್ರಿಗಳಲ್ಲಿ ಆಂಬುಲೆನ್ಸ್ ಚಾಲಕರನ್ನೂ ಕಾವಲುಗಾರರನ್ನೂ ಕರೆದು, ಎಲ್ಲಿ ಹಿಡಿಯಬೇಕೆಂದು ಹೇಳಿಕೊಟ್ಟು ತಿರುಗಿಸಿದ್ದೇವೆ. ಹಾಗೆ ತಿರುಗಿಸಿದಾಗಲೇ, ಟ್ರ್ಯಾಕ್ಟರ್ ಟ್ರೇಲರಿನಿಂದ ಬಿದ್ದ ಹೆಣ್ಣುಮಗಳೊಬ್ಬಳ ಬೆನ್ನಿನಲ್ಲಿ ಗೇಣುದ್ದದ ಕಬ್ಬಿಣದ ಚೂರು ಇದ್ದದ್ದು ಕಂಡಿತು. ಸೀರೆ ಕತ್ತರಿಸಬಾರದೆಂದು ಅವಳ ಅತ್ತೆ ಹಟ ಹಿಡಿದಿದ್ದರು. ಪರದೆ ಎಳೆದು, ಕತ್ತರಿಸುವ ಮುಂಚೆ ಹೇಳಿ, ನೋಡಿದ ಕೂಡಲೇ ಕಂಬಳಿ ಹೊದಿಸಬೇಕು. ಮರ್ಯಾದೆಗಾಗಿ ಮಾತ್ರವಲ್ಲ, ರಕ್ತ ಕಳೆದುಕೊಂಡ ಮೈ ತಣ್ಣಗಾದರೆ ರಕ್ತ ಹೆಪ್ಪುಗಟ್ಟುವ ಶಕ್ತಿಯೇ ಕುಂದಿ ಸ್ರಾವ ಮತ್ತೂ ಹೆಚ್ಚುತ್ತದೆ. ಕಂಬಳಿಯ ಇಂಡೆಂಟನ್ನು ‘ಚಳಿಗಾಲಕ್ಕೆ ಮಾತ್ರ’ ಎಂದು ಕಡಿತ ಮಾಡುವ ಗುಮಾಸ್ತರಿಗೆ ಇದನ್ನು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

ಮುರಿದ ಕೈಕಾಲಿನ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಾಟಿ ವೈದ್ಯರ ಬಿದಿರು ದಬ್ಬೆಯ ಕಟ್ಟೇ ಇರಲಿ, ನಮ್ಮದೇ ಪ್ಲಾಸ್ಟರ್ ಇರಲಿ, ಬಿಗಿಯಾಗಿ ಕಟ್ಟಿದ ಮೇಲೆ ನೋವು ಕಡಿಮೆಯಾಗುವ ಬದಲು ಏರುತ್ತಿದ್ದರೆ, ಬೆರಳನ್ನು ಮೆಲ್ಲಗೆ ಚಾಚಿಸಿದೊಡನೆ ರೋಗಿ ಚೀರಿದರೆ, ಒಳಗಿನ ಸ್ನಾಯುಗಳಿಗೆ ರಕ್ತ ಹೋಗುತ್ತಿಲ್ಲ ಎಂದು ತಿಳಿಯಬೇಕು. ಆಗ ಬೇಕಾದದ್ದು ಕಟ್ಟು ಸಡಿಲಿಸಿ ವೈದ್ಯರನ್ನು ಕರೆಯುವುದು, ಇನ್ನೊಂದು ನೋವಿನ ಇಂಜೆಕ್ಷನ್ ಅಲ್ಲ. ಮಣಿಕಟ್ಟಿನಲ್ಲಿ ನಾಡಿ ಸಿಗುತ್ತಿದೆ ಎಂದು ಕಾಯುತ್ತ ಕುಳಿತರೆ ಕೈ ಉಳಿಯುವುದಿಲ್ಲ, ಏಕೆಂದರೆ ನಾಡಿ ನಿಲ್ಲುವುದು ಕಟ್ಟಕಡೆಗೆ. ಗಾಯಾಳುವಿಗೆ ನೀರು ಕುಡಿಸುವ ನಮ್ಮ ಜನರ ಕರುಣೆಯ ಬಗ್ಗೆಯೂ ಒಂದು ಮಾತು. ‘ಒಂದು ಗುಟುಕು ಬಿಡಿ ತಾಯಿ’ ಎಂದು ಬೇಡುವವರಿಗೆ ಇಲ್ಲ ಎನ್ನುವುದು ನನಗೂ ಕಷ್ಟವಾಗಿದೆ. ಪ್ರಜ್ಞೆ ಮಸುಕಾದವರ ಬಾಯಿಗೆ ಬಿಟ್ಟ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಒದ್ದೆ ಹತ್ತಿಯಿಂದ ತುಟಿ ಒರೆಸಿದರೆ ಸಾಕು.

ಕಾನೂನು ಗಾಯಾಳುವಿನ ಪರವಾಗಿಯೇ ಇದೆ. ಪೊಲೀಸ್ ವಿಧಿವಿಧಾನಕ್ಕೆ ಕಾಯದೆ ಮೊದಲು ಜೀವ ಉಳಿಸಬೇಕೆಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ 1989ರಲ್ಲೇ ಹೇಳಿತು. ನೆರವಿಗೆ ಬಂದವರನ್ನು ಪೀಡಿಸದಂತೆ 2016ರಲ್ಲಿ ಅದೇ ನ್ಯಾಯಾಲಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ಕೊಟ್ಟಿತು. ನಮ್ಮ ರಾಜ್ಯ ಅದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ. ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ನೀಡುವ ಯೋಜನೆಯನ್ನು ಕೇಂದ್ರ ಸರ್ಕಾರ 2025ರ ಮೇ ತಿಂಗಳಿನಲ್ಲಿ ಜಾರಿಗೆ ತಂದಿದೆ. ಇಷ್ಟಾದರೂ ಕ್ಯಾಶುಯಲ್ಟಿಯಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಎಂಎಲ್‌ಸಿ ಮಾಡಿದ್ರಾ?’ ಎಂಬುದೇ, ಎಂದರೆ ಪೊಲೀಸರಿಗೆ ತಿಳಿಸಬೇಕಾದ ಮೆಡಿಕೊ-ಲೀಗಲ್ ಪ್ರಕರಣವೆಂದು ದಾಖಲಿಸಿದಿರಾ ಎಂದು. ಎಂಎಲ್‌ಸಿ ಪುಸ್ತಕ ತುಂಬುವಾಗ ಗಾಯದ ಉದ್ದ, ಅಗಲ, ಬಣ್ಣ ಎಲ್ಲವನ್ನೂ ಎಚ್ಚರದಿಂದ ಬರೆಯುತ್ತೇವೆ, ಏಕೆಂದರೆ ಮುಂದೆ ನ್ಯಾಯಾಲಯ ಕೇಳುತ್ತದೆ. ಆ ಎಚ್ಚರದ ಅರ್ಧದಷ್ಟನ್ನು ಅರ್ಧ ಗಂಟೆಗೊಮ್ಮೆಯ ಪಟ್ಟಿಗೆ ಕೊಟ್ಟಿದ್ದರೆ ಎಷ್ಟೋ ಎಂಎಲ್‌ಸಿಗಳು ಶವಪರೀಕ್ಷೆಯ ಕೋಣೆಯವರೆಗೆ ಹೋಗುತ್ತಿರಲಿಲ್ಲ ಎಂಬುದು ನನ್ನ ಅನುಭವ.

ಆದ್ದರಿಂದ ಆರೋಗ್ಯ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟು. ಹೆದ್ದಾರಿ ಪಕ್ಕದ ತಾಲ್ಲೂಕು ಆಸ್ಪತ್ರೆಗಳ ಕ್ಯಾಶುಯಲ್ಟಿಗೆ ರಾತ್ರಿ ಪಾಳಿಯಲ್ಲಿ ಬೇರೆ ವಾರ್ಡಿನ ಹೊಣೆಯಿಲ್ಲದ ಇಬ್ಬರು ನರ್ಸ್‌ಗಳು ಬೇಕು. ತುರ್ತು ಶುಶ್ರೂಷೆಯಲ್ಲಿ ತರಬೇತಿ ಪಡೆದು ಬಂದವರನ್ನು ಮೂರೇ ತಿಂಗಳಿಗೆ ಹೊರರೋಗಿ ವಿಭಾಗಕ್ಕೋ ಉಗ್ರಾಣಕ್ಕೋ ಬದಲಿಸುವ ಪದ್ಧತಿ ನಿಲ್ಲಬೇಕು. ಕಣ್ಣು ಪಳಗಲು ಕನಿಷ್ಠ ಎರಡು ವರ್ಷ ಒಂದೇ ಕಡೆ ನಿಲ್ಲಬೇಕಾಗುತ್ತದೆ. ವೈದ್ಯರು ಶಸ್ತ್ರಚಿಕಿತ್ಸೆಯಲ್ಲೋ ಹೆರಿಗೆಯಲ್ಲೋ ಇರುವಾಗ ಆಮ್ಲಜನಕ ಕೊಡುವುದು, ರಕ್ತನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕಿ ರಕ್ತದ ಗುಂಪಿಗೆ ಮಾದರಿ ತೆಗೆಯುವುದು, ಕತ್ತಿಗೆ ಪಟ್ಟಿ ಹಾಕುವುದು ಇವಿಷ್ಟನ್ನು ನರ್ಸ್ ತಾನೇ ಆರಂಭಿಸಲು ಅನುವಾಗುವಂತೆ ಮುಖ್ಯ ವೈದ್ಯಾಧಿಕಾರಿಯ ಸಹಿ ಇರುವ ಕಾಯಂ ಸೂಚನೆಯೊಂದು ಗೋಡೆಯ ಮೇಲಿರಲಿ. ಅದಿಲ್ಲದೆ ಹೋದರೆ ಮಾಡಿದ್ದಕ್ಕೂ ನೋಟಿಸು, ಮಾಡದಿದ್ದಕ್ಕೂ ನೋಟಿಸು. ರೆಫರ್ ಮಾಡುವಾಗ ‘ಹೆಚ್ಚಿನ ಚಿಕಿತ್ಸೆಗಾಗಿ ಕಳುಹಿಸಲಾಗಿದೆ’ ಎಂಬ ಒಂದು ಸಾಲಿನ ಚೀಟಿಯ ಜೊತೆಗೆ ಗಾಯವಾದ ಸಮಯ, ಅಂದಿನಿಂದ ಬರೆದ ನಾಡಿ, ಉಸಿರು, ಬಿಪಿ, ಜಿಸಿಎಸ್, ಪಾಪೆಯ ಅಳತೆ, ಕೊಟ್ಟ ಔಷಧ ಎಲ್ಲವೂ ಇರುವ ಒಂದು ಹಾಳೆ ಹೋಗಬೇಕು; ನಿಮ್ಹಾನ್ಸ್‌ನ ಬಾಗಿಲಲ್ಲಿ ಸ್ಟ್ರೆಚರ್ ಇಳಿಸಿಕೊಳ್ಳುವವರಿಗೆ ಮೂರು ಗಂಟೆಯ ಹಿಂದೆ ಈ ಮನುಷ್ಯ ಮಾತಾಡುತ್ತಿದ್ದನೇ ಎಂಬುದು ತಿಳಿಯುವ ದಾರಿ ಅದೊಂದೇ.

ತಮ್ಮ ವರದಿಗಾರರಲ್ಲಿಯೂ ಒಂದು ವಿನಂತಿ ಇದೆ. ಇನ್ನು ಮುಂದೆ ಗಾಯಾಳುವೊಬ್ಬರು ಆಸ್ಪತ್ರೆಯಲ್ಲಿ ತೀರಿಕೊಂಡ ಸುದ್ದಿ ಬರೆಯುವಾಗ, ಆ ಪಾಳಿಯಲ್ಲಿ ಎಷ್ಟು ನರ್ಸ್‌ಗಳಿದ್ದರು, ದಾಖಲಾದ ಹೊತ್ತಿನಿಂದ ಎಷ್ಟು ಸಲ ನೋಡಿ ಬರೆದಿದ್ದಾರೆ ಎಂದು ಕೇಳಿ. ನರ್ಸ್‌ಗಳನ್ನು ಸಿಕ್ಕಿಹಾಕಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ; ಖಾಲಿ ಬಿಟ್ಟ ಸಾಲುಗಳನ್ನು ಹೊರಗಿನವರು ಕೇಳದ ಹೊರತು ಎರಡನೆಯ ನರ್ಸ್ ಬರುವುದಿಲ್ಲ ಎಂಬುದು ನನಗೆ ಖಚಿತವಾಗಿರುವುದರಿಂದ ಹೇಳುತ್ತಿದ್ದೇನೆ.

ರೆಫರ್ ಮಾಡುವಾಗ ಜೊತೆಗೆ ಹೋಗಬೇಕು ಎಂದೆನಲ್ಲ, ಅಂಥದೊಂದು ಹಾಳೆಯನ್ನು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ನಾವು ಮೂವರು ಸಹೋದ್ಯೋಗಿಗಳು ಕೈಯಿಂದ ಗೆರೆ ಎಳೆದು ಸಿದ್ಧಪಡಿಸಿ, ಆಸ್ಪತ್ರೆಯ ಗೇಟಿನ ಎದುರಿನ ಅಂಗಡಿಯಲ್ಲಿ ನಮ್ಮ ಕೈಯಿಂದಲೇ ದುಡ್ಡು ಕೊಟ್ಟು ಐನೂರು ಜೆರಾಕ್ಸ್ ಪ್ರತಿ ಮಾಡಿಸಿಟ್ಟಿದ್ದೆವು. ಕಳೆದ ತಿಂಗಳು ಆ ಕಡೆ ಹೋದಾಗ ವಿಚಾರಿಸಿದೆ. ಪ್ರತಿಗಳು ಮುಗಿದಿವೆ, ಮತ್ತೆ ಮಾಡಿಸಲು ಆಸ್ಪತ್ರೆಯ ಹಣ ಬಳಸಬಹುದೇ ಎಂದು ಕೇಳಿ ಬರೆದ ಪತ್ರ ಇನ್ನೂ ಟಪಾಲಿನಲ್ಲೇ ಇದೆಯಂತೆ.

ಇತಿ,
ನಿವೃತ್ತ ಶುಶ್ರೂಷಾಧಿಕಾರಿ
ಚಿತ್ರದುರ್ಗ ಜಿಲ್ಲೆ